ಓರಗಿತ್ತಿಯ ಸ್ಕ್ರೂ ವ್ರತ

ನನ್ನ ಓರಗಿತ್ತಿಗೆ ಚೆನ್ನಾಗಿರುವ ವಸ್ತುವನ್ನು ಕಂಡರೆ ಆಗುವುದಿಲ್ಲ. ಹೊಸ ಫ್ರಿಜ್ಜು, ಹೊಸ ಟಿವಿ ಯಾವುದನ್ನು ತೋರಿಸಿದರೂ "ಹ್ಞೂಂ, ಚೆನ್ನಾಗಿದೆ" ಎಂದು ಬೇರೆ ಕಡೆ ನೋಡುತ್ತಾಳೆ. ಅದೇ ವಸ್ತು ಕೆಟ್ಟಿದೆ ಎಂದು ಹೇಳಿ ನೋಡಿ! ತವರಿನಿಂದ ಯಾರೋ ಬಂದರು ಅನ್ನುವ ಹಾಗೆ ಮುಖ ಅರಳುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಎಲ್ಲಿ, ಕೊಡು" ಎಂದು ಕೈ ಚಾಚುತ್ತಾಳೆ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನನಗಿಂತ ಹತ್ತು ವರ್ಷ ದೊಡ್ಡವಳು. ಎದುರಿಗೆ "ಅಕ್ಕಾ, ನೀವು" ಎಂದು ನಯವಾಗಿಯೇ ಮಾತಾಡುತ್ತೇನೆ. ಮನಸ್ಸಿನಲ್ಲಿ ಮಾತ್ರ ಅವಳು, ಇವಳು. ಈ ಬರಹ ಮನಸ್ಸಿನಿಂದ ಬಂದದ್ದಾದ್ದರಿಂದ ಬಹುವಚನವನ್ನು ಯಾರೂ ನಿರೀಕ್ಷಿಸಬಾರದು. ಅವರ ಮನೆ ಘಾಜಿಯಾಬಾದಿನ ಇಂದಿರಾಪುರಂನಲ್ಲಿ, ಒಂದು ಎತ್ತರದ ಅಪಾರ್ಟ್‌ಮೆಂಟ್ ಸೊಸೈಟಿಯ ಹನ್ನೊಂದನೇ ಮಹಡಿಯಲ್ಲಿದೆ, ನಮ್ಮದು ದೆಹಲಿಯ ಮಯೂರ್ ವಿಹಾರ್‌ನಲ್ಲಿ. ಎರಡೂ ಮನೆಗಳ ನಡುವೆ ಒಂದು ರಾಜ್ಯದ ಗಡಿಯೇ ಇದೆ. ಆದರೂ ದೂರ ಸಾಲದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಯಾಕೆ ಅಂತೀರಾ? ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ನನ್ನ ಗಂಡನ ಬಾಯಲ್ಲಿ ಬರುವುದು ಒಂದೇ ಮಾತು: "ಅತ್ತಿಗೆಗೆ ಒಂದ್ಸಲ ತೋರಿಸೋಣ." ನಲ್ಲಿ ಸೋರಿದರೆ ಅತ್ತಿಗೆ. ಇಸ್ತ್ರಿ ಪೆಟ್ಟಿಗೆ ಬಿಸಿಯಾಗದಿದ್ದರೆ ಅತ್ತಿಗೆ. ಒಮ್ಮೆ ಅವರಿಗೆ ಜ್ವರ ಬಂದಾಗ, ಇದಕ್ಕೂ ಅತ್ತಿಗೆಯನ್ನೇ ಕರೆಸಲೇ ಎಂದು ಕೇಳಿದೆ. ಅವರು ಜ್ವರದಲ್ಲೂ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆ ಯೋಚನೆಯನ್ನು ನಾನು ಇನ್ನೂ ಮರೆತಿಲ್ಲ.

ನಮ್ಮ ಮಯೂರ್ ವಿಹಾರ್ ಫ್ಲಾಟಿನ ಗೃಹಪ್ರವೇಶದ ಕಥೆಯನ್ನಂತೂ ಹೇಳಲೇಬೇಕು. ನಾನು ವಾರವಿಡೀ ಒದ್ದಾಡಿ ಹೋಳಿಗೆಗೆ ಹೂರಣ ಮಾಡಿದ್ದೆ, ಹೊಸ ರೇಷ್ಮೆ ಸೀರೆ ಉಟ್ಟಿದ್ದೆ. ದೆಹಲಿಯಲ್ಲಿರುವ ನಮ್ಮ ಕಡೆಯವರೆಲ್ಲ ಬಂದಿದ್ದರು. ಚಟ್ನಿ ರುಬ್ಬುವಾಗ ಮಿಕ್ಸಿ ಗುರ್ ಎಂದು ನಿಂತಿತು, ಅಷ್ಟೆ. ನನ್ನ ಓರಗಿತ್ತಿ ಕಾಂಜೀವರಂ ಸೀರೆಯಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತು ಅದರ ಹೊಟ್ಟೆ ಬಿಚ್ಚಿದಳು. ಹೋಮದ ಮುಂದೆ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಅಡುಗೆಮನೆಗೆ ಹೋದರು. ಕೊನೆಗೆ ಹೋಮಕುಂಡದ ಹತ್ತಿರ ಉಳಿದವರು ನಾನು, ನನ್ನ ಗಂಡ, ಪುರೋಹಿತರು. ಪುರೋಹಿತರೂ ಮಂತ್ರದ ನಡುವೆ ಅತ್ತ ಕತ್ತು ಹೊರಳಿಸುತ್ತಿದ್ದರು. ಆ ದಿನದ ಆಲ್ಬಮ್ಮನ್ನು ತೆಗೆದು ನೋಡಿದರೆ ನನಗಿಂತ ಮಿಕ್ಸಿಯ ಫೋಟೋಗಳೇ ಜಾಸ್ತಿ ಇವೆ.

ಇನ್ನು ಅವಳ ಸೊಸೈಟಿಯಲ್ಲಿ ಅವಳಿಗಿರುವ ಮರ್ಯಾದೆ! ಸಂಜೆಯಾದರೆ ಒಬ್ಬರು ಹೇರ್ ಡ್ರೈಯರ್ ಹಿಡಿದು, ಇನ್ನೊಬ್ಬರು ಮಗುವಿನ ಆಟದ ಕಾರು ಹಿಡಿದು "ಭಾಭೀಜಿ, ಜರಾ ದೇಖ್ ಲೀಜಿಯೇ", ಅತ್ತಿಗೆ, ಸ್ವಲ್ಪ ನೋಡಿಕೊಡಿ ಎನ್ನುತ್ತಾ ಬಾಗಿಲಲ್ಲಿ ನಿಲ್ಲುತ್ತಾರೆ. ಇವಳು ಅವರ ಜೊತೆ ಎರಡೇ ಎರಡು ಶಬ್ದ ಆಡುವುದು. "ರಖೋ. ಕಲ್." ಇಟ್ಟು ಹೋಗಿ, ನಾಳೆ ಬನ್ನಿ ಎಂದು ಅರ್ಥ. ಕೂತುಕೊಳ್ಳಿ ಅನ್ನುವುದಿಲ್ಲ, ಚಹಾ ಕೇಳುವುದಿಲ್ಲ, ಏನಾಗಿದೆ ಎಂದು ವಿಚಾರಿಸುವುದೂ ಇಲ್ಲ. ದೊಡ್ಡ ಆಸ್ಪತ್ರೆಯ ದೊಡ್ಡ ಡಾಕ್ಟರಿಗೂ ಅಷ್ಟು ಗತ್ತಿರುವುದಿಲ್ಲ. ನಾನಾದರೋ ಅಲ್ಲಿಗೆ ಹೋದಾಗಲೆಲ್ಲ ಬಂದವರ ಜೊತೆ ಬಾಯ್ತುಂಬ ಹಿಂದಿಯಲ್ಲಿ ಮಾತಾಡುತ್ತೇನೆ, ನಗಿಸುತ್ತೇನೆ. ಅವರು ನಕ್ಕು, ನನ್ನ ಹೆಗಲ ಮೇಲಿಂದ ಇಣುಕಿ, "ಭಾಭೀಜಿ ಹೈಂ ಕ್ಯಾ?" ಎಂದು ಅವಳನ್ನೇ ವಿಚಾರಿಸುತ್ತಾರೆ.

ಅವಳ ಕೆಲಸದಲ್ಲಿ ನನಗೆ ಸಮಾಧಾನ ಕೊಡುವ ಅಂಶ ಒಂದೇ ಒಂದಿತ್ತು. ಏನು ಬಿಚ್ಚಿ ಜೋಡಿಸಿದರೂ ಕೊನೆಯಲ್ಲಿ ಒಂದು ಸ್ಕ್ರೂ ಮಿಕ್ಕುತ್ತಿತ್ತು. ವಸ್ತು ಸರಿಯಾಗಿಯೇ ಓಡುತ್ತಿತ್ತು, ಆದರೆ ಸ್ಕ್ರೂ ಮಾತ್ರ ಅಂಗೈಯಲ್ಲಿ. "ಕಂಪನಿಯವರು ಒಂದು ಹೆಚ್ಚಿಗೆ ಹಾಕಿರ್ತಾರೆ" ಎಂದು ಹೇಳಿ ಅದನ್ನು ಉಪ್ಪಿನಕಾಯಿಯ ಹಳೆಯ ಬಾಟಲಿಗೆ ಹಾಕುತ್ತಿದ್ದಳು. ಆ ಬಾಟಲಿ ತುಂಬುತ್ತಾ ಬಂದಿತ್ತು. ಅವರ ಮನೆಗೆ ಹೋದಾಗಲೆಲ್ಲ ನಾನು ಮೊದಲು ಅದನ್ನೇ ನೋಡಿ ತೃಪ್ತಿಪಡುತ್ತಿದ್ದೆ.

ಇಂಥವಳ ಕೈಗೆ ನನ್ನ ಲ್ಯಾಪ್‌ಟಾಪು ಹೋಗಬೇಕಾಗಿ ಬಂತು.

ನಾನು ಮನೆಯಲ್ಲೇ ಕೂತು ಅನುವಾದ ಮಾಡುವವಳು. ಹಿಂದಿಯಿಂದ ಕನ್ನಡಕ್ಕೆ. ಸರ್ಕಾರಿ ಸುತ್ತೋಲೆ, ಔಷಧಿಯ ಚೀಟಿ, ಎಲ್ಲ ಮಾಡಿದ್ದೇನೆ. ಹೋದ ವರ್ಷ ಮೊದಲ ಬಾರಿಗೆ ಒಂದು ಕಾದಂಬರಿ ಸಿಕ್ಕಿತ್ತು. ಹಳ್ಳಿಯ ಮುದುಕಿಯೊಬ್ಬಳು ತನ್ನ ಬಾಳನ್ನು ತಾನೇ ಹೇಳಿಕೊಳ್ಳುವ ಕಥೆ. ಬೇಸಿಗೆಯಿಡೀ ಕೂಲರಿನ ಎದುರು, ಆಮೇಲೆ ಚಳಿಯಲ್ಲಿ ಹೀಟರಿನ ಎದುರು ಕೂತು ಅವಳ ಮಾತನ್ನು ಕನ್ನಡಕ್ಕೆ ತಂದಿದ್ದೆ. ಮಿಕ್ಸಿಗಳ ಈ ಕುಟುಂಬದಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಇನ್ನು ಕೊನೆಯ ಅಧ್ಯಾಯ ಬಾಕಿ ಎನ್ನುವಾಗ ಲ್ಯಾಪ್‌ಟಾಪಿನ ಒಳಗಿನಿಂದ ಟಕ್, ಟಕ್ ಎಂದು ಸದ್ದು ಬಂತು. ಪರದೆ ನೀಲಿಯಾಯಿತು, ಆಮೇಲೆ ಕಪ್ಪಾಯಿತು. ಬೇರೆಲ್ಲೂ ಪ್ರತಿ ಇರಲಿಲ್ಲ. ಯಾಕೆ ಇರಲಿಲ್ಲ ಎಂದು ಕೇಳಬೇಡಿ, ಕೇಳುವವರೆಲ್ಲ ಆಗಲೇ ಕೇಳಿಯಾಗಿದೆ.

ಗಂಡ ಬಾಯಿ ತೆರೆಯುವ ಮೊದಲೇ "ಅತ್ತಿಗೆ ಹೆಸರು ಎತ್ತಬೇಡಿ" ಎಂದೆ. ನಾನೇ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿನ ಹುಡುಗ ಲ್ಯಾಪ್‌ಟಾಪನ್ನು ಕಿವಿಗೆ ಹಿಡಿದು, "ಹಾರ್ಡ್ ಡಿಸ್ಕ್ ಗಯಾ ಮೇಡಂ. ನಯಾ ಲಗಾ ದೇಂಗೇ. ಡಾಟಾ ಭೂಲ್ ಜಾಯಿಯೇ" ಎಂದ. ಡಿಸ್ಕು ಹೋಯಿತು, ಹೊಸದು ಹಾಕುತ್ತಾರೆ, ಅದರಲ್ಲಿದ್ದದ್ದನ್ನು ಮರೆತುಬಿಡಬೇಕಂತೆ! ನಾನು ನನ್ನ ಅಚ್ಚುಕಟ್ಟಾದ ಹಿಂದಿಯಲ್ಲಿ ಬೇಡಿದೆ, ಗದರಿದೆ, ಮುದುಕಿಯ ಕಥೆಯನ್ನೂ ಸ್ವಲ್ಪ ಹೇಳಿದೆ. ಅವನು ಮುಂದಿನವರನ್ನು ಕರೆದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಅತ್ತು ಮುಗಿದ ಮೇಲೆ ಯಮುನಾ ಬ್ಯಾಂಕ್ ಸ್ಟೇಷನ್ನಿನಲ್ಲಿ ಮೆಟ್ರೋ ಬದಲಿಸಿ, ವೈಶಾಲಿಯಲ್ಲಿ ಇಳಿದು, ಶೇರ್ ಆಟೋ ಹತ್ತಿ, ಸೋತವಳ ಹಾಗೆ ಇಂದಿರಾಪುರಂ ತಲುಪಿದೆ.

ಅವಳು ಬಾಗಿಲು ತೆಗೆದಳು. ನನ್ನ ಕೆಂಪು ಕಣ್ಣು ನೋಡಿದಳು, ಕೈಯಲ್ಲಿದ್ದ ಲ್ಯಾಪ್‌ಟಾಪು ನೋಡಿದಳು. ಮುಖ ಅರಳಿತು. ಆ ಅರಳುವಿಕೆಗೆ ಅವಳನ್ನು ಕ್ಷಮಿಸುವುದು ಆ ಹೊತ್ತಿನಲ್ಲಿ ನನ್ನಿಂದ ಆಗಲಿಲ್ಲ.

"ಸದ್ದು ಏನಾದ್ರೂ ಬಂತಾ?"

"ಟಕ್, ಟಕ್ ಅಂತ."

"ಆಮೇಲೆ ಎಷ್ಟು ಸಲ ಆನ್ ಮಾಡಿದೆ?"

"ತುಂಬಾ ಸಲ."

"ಇನ್ನು ಮುಟ್ಟಬೇಡ" ಎಂದಳು. "ಪೂರ್ತಿ ಸತ್ತಿಲ್ಲ ಅನ್ಸುತ್ತೆ. ಹೊರಗೆ ತೆಗೆದು ಬೇರೆ ಕೇಸಲ್ಲಿ ಹಾಕಿ ನನ್ನ ಲ್ಯಾಪ್‌ಟಾಪಿಗೆ ಚುಚ್ಚಿ ನೋಡೋಣ. ಹೋಗೋ ಮುಂಚೆ ಎಷ್ಟು ಕೊಡುತ್ತೋ ಕೊಡ್ಲಿ. ಹೊಸ ಡಿಸ್ಕು ನನ್ನ ಹತ್ರ ಒಂದಿದೆ."

ಯಾರಾದರೂ ಮನೆಯಲ್ಲಿ ಬೇಳೆ, ಸಕ್ಕರೆಯ ಜೊತೆ ಹೊಸ ಡಿಸ್ಕನ್ನೂ ಇಟ್ಟುಕೊಂಡಿರುತ್ತಾರೆಯೇ?

ಆಮೇಲೆ ಶುರುವಾಯಿತು ನೋಡಿ ಅವಳ ಮಡಿ. ಜನವರಿಯ ಚಳಿ, ಕಿಟಕಿಯಾಚೆ ಎದುರಿನ ಟವರೂ ಕಾಣದಷ್ಟು ಮಂಜು. ಇವಳು ಸ್ವೆಟರ್ ತೆಗೆದಳು, ಕಾಲುಚೀಲ ತೆಗೆದಳು, ಹತ್ತಿ ಸೀರೆಯಲ್ಲಿ ನಡುಗುತ್ತಾ ಹೋಗಿ ಬಚ್ಚಲಿನ ಲೋಹದ ನಲ್ಲಿಯನ್ನು ಮುಟ್ಟಿ ಬಂದಳು. ನನಗೂ ಶಾಲು ತೆಗೆದಿಟ್ಟು ಬಾ ಎಂದಳು. ನಮ್ಮ ಅತ್ತೆ ಅವರ ಜೊತೆಯಲ್ಲೇ ಇರುವುದು. ಸೋಫಾದ ಮೇಲೆ ರಜಾಯಿ ಹೊದ್ದು ಕೂತು ಇದನ್ನೆಲ್ಲ ನೋಡುತ್ತಿದ್ದರು.

"ಏನೇ ಇದು? ನಮ್ಮ ಮಡಿಗೆ ಧಾಬಳಿ ಉಟ್ಟರೆ ಸಾಕಿತ್ತು. ನಿನ್ನ ಮಡಿಗೆ ಉಣ್ಣೇನೇ ಮೈಲಿಗೆಯಾ?"

"ಈ ಊರ ಚಳೀಲಿ ಉಣ್ಣೆ ಉಜ್ಜಿದ್ರೆ ಮೈಯಲ್ಲಿ ಕರೆಂಟು ಕೂತಿರುತ್ತೆ ಅತ್ತೆ. ನಮಗಾದ್ರೆ ಚುರ್ ಅನ್ನುತ್ತೆ, ಅಷ್ಟೆ. ಇದರ ಒಳಗಿನ ಬೋರ್ಡಿಗೆ ತಗುಲಿದ್ರೆ ಪ್ರಾಣಾನೇ ಹೋಗುತ್ತೆ."

"ಹಾಗಾದರೆ ನಮಗಿಂತ ಕಟ್ಟುನಿಟ್ಟು ಬಿಡು" ಎಂದು ಅತ್ತೆ ಮೆಚ್ಚಿಗೆಯಿಂದ ತಲೆಯಾಡಿಸಿದರು. ನನ್ನನ್ನು ನೋಡಿ, "ನೀನೂ ಕಲಿ" ಎಂದರು. ಚಳಿಯಲ್ಲಿ ನಡುಗುತ್ತಿದ್ದ ನನಗೆ ಹೊಟ್ಟೆಯೊಳಗೆ ಮಾತ್ರ ಚೆನ್ನಾಗಿ ಬೆಚ್ಚಗಾಯಿತು.

ಬ್ಯಾಟರಿ ತೆಗೆದು ಪಕ್ಕಕ್ಕಿಟ್ಟ ಮೇಲೆ ಅವಳು ಒಂದು ಊಟದ ಮಣೆಯನ್ನು ಮೇಜಿನ ಮೇಲೆ ತಂದಿಟ್ಟಳು. ಅದರ ಮೇಲೆ ಸೀಮೆಸುಣ್ಣದಲ್ಲಿ ಲ್ಯಾಪ್‌ಟಾಪಿನ ಬೆನ್ನನ್ನು ಚೌಕವಾಗಿ ಬರೆದು, ಸ್ಕ್ರೂ ಇರುವಲ್ಲೆಲ್ಲ ಒಂದೊಂದು ಚುಕ್ಕಿ ಇಟ್ಟಳು. ಒಂದೊಂದೇ ಸ್ಕ್ರೂ ಬಿಚ್ಚಿ ಅದರದರ ಚುಕ್ಕಿಯ ಪಕ್ಕ ಮಲಗಿಸುತ್ತಾ ಹೋದಳು. ರಬ್ಬರ್ ಕಾಲಿನ ಅಡಿಯಲ್ಲೂ ಒಂದು ಬಚ್ಚಿಟ್ಟುಕೊಂಡಿತ್ತು, ಅದನ್ನೂ ಹುಡುಕಿ ತೆಗೆದಳು. ಹಳೆಯ ಮೆಟ್ರೋ ಕಾರ್ಡನ್ನು ಅಂಚಿಗೆ ತೂರಿಸಿ ಮೀಟಿದಾಗ ಮುಚ್ಚಳ ಚಟಚಟನೆ ಬಿಟ್ಟುಕೊಂಡಿತು.

"ಮಿಕ್ಸಿಗೆಲ್ಲ ಈ ಶಾಸ್ತ್ರ ಇರಲಿಲ್ಲವಲ್ಲ ಅಕ್ಕಾ" ಎಂದೆ.

"ಇದರಲ್ಲಿ ಉದ್ದ, ಗಿಡ್ಡ, ನಡುವಿಂದು ಅಂತ ಬೇರೆ ಬೇರೆ ಇರ್ತಾವೆ. ಗಿಡ್ಡದರ ಜಾಗಕ್ಕೆ ಉದ್ದದ್ದು ಹೋದ್ರೆ ಬೋರ್ಡನ್ನೇ ತೂತು ಮಾಡುತ್ತೆ. ಮಿಕ್ಸಿ ಆದ್ರೆ ಒಂದು ಮಿಕ್ಕಿದ್ರೂ ನಡೆಯುತ್ತೆ. ಇದು ನಿನ್ನ ಕೆಲಸದ್ದು."

ಹಳೆಯ ಡಿಸ್ಕು ಹೊರಗೆ ಬಂತು. ಅಂಗೈಯಗಲದ್ದು. ನನ್ನ ಮುದುಕಿ ಅಷ್ಟರೊಳಗೆ ಉಸಿರು ಹಿಡಿದು ಕೂತಿದ್ದಾಳೆ ಎಂದರೆ ನಂಬಲಾಗಲಿಲ್ಲ. ಅದನ್ನು ಕೇಸಿಗೆ ಹಾಕಿ ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದಳು. ಸ್ವಲ್ಪ ಹೊತ್ತು ಬರೀ ಟಕ್, ಟಕ್. ಆಮೇಲೆ ನನ್ನ ಫೋಲ್ಡರುಗಳ ಹೆಸರು ಒಂದೊಂದಾಗಿ ಮೂಡಿದವು. ಕಾಪಿ ಮಾತ್ರ ಆಮೆಯ ನಡಿಗೆ, ನಡುನಡುವೆ ನಿಂತೇಬಿಡುತ್ತಿತ್ತು. "ನಾಳೆ ಬೆಳಿಗ್ಗೆ ತನಕ ಹಿಡಿಯುತ್ತೆ. ನೀನು ಮಲಗು, ನಾನು ನೋಡ್ಕೋತೀನಿ" ಎಂದಳು. ಅತ್ತೆ ಒಳಗಿನಿಂದ, "ಅವಳು ನೋಡ್ಕೋತಾಳೆ ಬಿಡು" ಎಂದರು. ಗಂಡನಿಗೆ ಫೋನು ಮಾಡಿದರೆ, "ಅತ್ತಿಗೆ ಇದಾರಲ್ಲ, ಇನ್ನೇನು ಯೋಚನೆ" ಎಂದರು. ನನ್ನ ಮುದುಕಿ, ನನ್ನ ದುಡಿಮೆ, ನನ್ನ ಗಾಬರಿ. ಹೊಗಳಿಕೆ ಮಾತ್ರ ಅವಳಿಗೆ!

ಆ ಉರಿಯಲ್ಲಿ ಮಣೆಯ ಫೋಟೋ ತೆಗೆದು ಮೈಸೂರಿನಲ್ಲಿರುವ ನನ್ನ ತಂಗಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಕೆಳಗೆ ಬರೆದೆ: "ನಮ್ಮ ಮನೆಯ ಹೊಸ ಸ್ಕ್ರೂ ಗೌರಿ ವ್ರತ. ಕಥೆ ಹೇಳಿದವರಿಗೂ ಕೇಳಿದವರಿಗೂ ಒಂದೊಂದು ಸ್ಕ್ರೂ ಪ್ರಸಾದ." ತಂಗಿ ಬಿದ್ದು ಬಿದ್ದು ನಗುವ ಮುಖಗಳನ್ನು ಕಳಿಸಿ, ವ್ರತ ಮಾಡಿಸುವವರು ಹೇಗಿದಾರೆ ಎಂದು ಕೇಳಿದಳು. "ಬಾಯಲ್ಲಿ ಎರಡು ಮಾತು ಬರಲ್ಲ, ಗತ್ತು ಮಾತ್ರ ಆಕಾಶದಷ್ಟು" ಎಂದು ಬರೆದು ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಎದ್ದು ಹಜಾರಕ್ಕೆ ಓಡಿದೆ. ಅವಳು ಅದೇ ಕುರ್ಚಿಯಲ್ಲಿ, ಈಗ ಶಾಲು ಹೊದ್ದು ಕೂತಿದ್ದಳು.

"ಬಂತಾ?"

"ಬಂತು. ಎಲ್ಲಾ ಬಂತು. ಆಮೇಲೆ ಅದು ಹೋಯ್ತು."

ನನ್ನ ಮುದುಕಿಯನ್ನು ಆಚೆ ದಾಟಿಸಿ ಆ ಡಿಸ್ಕು ಪ್ರಾಣ ಬಿಟ್ಟಿತ್ತು. ನನಗೆ ಕುಣಿಯಬೇಕು ಅನ್ನಿಸಿತು. ಇನ್ನು ಹೊಸ ಡಿಸ್ಕು ಕೂರಿಸಿ, ಮುಚ್ಚಿ, ಅದಕ್ಕೆ ಅಕ್ಷರಾಭ್ಯಾಸ ಮಾಡಿಸುವುದಷ್ಟೇ ಬಾಕಿ ಎಂದು ಅವಳು ಎದ್ದು ಮಣೆಯತ್ತ ತಿರುಗಿದಳು. ತಿರುಗಿದವಳು ಹಾಗೇ ನಿಂತಳು.

ಮಣೆಯ ಮೇಲೆ ಲ್ಯಾಪ್‌ಟಾಪಿನ ಬೆನ್ನು ಇರಲಿಲ್ಲ. ಅಂದವಾದ ಎಂಟು ದಳದ ಪದ್ಮವಿತ್ತು. ಪಕ್ಕದಲ್ಲಿ ಸ್ಟೀಲಿನ ಬಟ್ಟಲು, ಬಟ್ಟಲಿನಲ್ಲಿ ಎಲ್ಲ ಸ್ಕ್ರೂಗಳೂ ಒಟ್ಟಿಗೆ.

"ನಿನ್ನೆಯ ರಂಗೋಲಿ ಬೆಳಿಗ್ಗೆ ಇರಬಾರದು ಕಣೇ" ಎಂದರು ಅತ್ತೆ, ಕಾಫಿ ಲೋಟ ಹಿಡಿದು ಅಡುಗೆಮನೆಯಿಂದ ಬರುತ್ತಾ. "ನೀನು ಮೂತಿ ತೊಳೆಯೋಕೆ ಹೋಗಿದ್ದೆ. ನಾನೇ ಒದ್ದೆ ಬಟ್ಟೇಲಿ ಒರೆಸಿ ಹೊಸದು ಹಾಕಿದೆ. ಸಾಮಾನೆಲ್ಲ ಜೋಪಾನವಾಗಿ ಎತ್ತಿಟ್ಟಿದೀನಿ, ಒಂದೂ ಹೋಗಿಲ್ಲ."

ಹನ್ನೊಂದನೇ ಮಹಡಿಯ ಬಾಗಿಲಲ್ಲಿ ದಿನವೂ ಹಳೆಯ ರಂಗೋಲಿ ಒರೆಸಿ ಹೊಸದನ್ನು ಎಳೆಯುವ ಕೈ ಅದು. ಚುಕ್ಕಿಗಳನ್ನು ಕಂಡು ಸುಮ್ಮನಿರಲು ಸಾಧ್ಯವೇ? ನನ್ನ ಓರಗಿತ್ತಿ ಬಟ್ಟಲನ್ನು ಕೈಗೆ ತೆಗೆದುಕೊಂಡು ಕುರ್ಚಿಯಲ್ಲಿ ಕೂತಳು. ಒಂದು ಸ್ಕ್ರೂ ತೆಗೆದು ನೋಡಿದಳು, ಇನ್ನೊಂದರ ಪಕ್ಕ ಹಿಡಿದು ನೋಡಿದಳು, ಮತ್ತೆ ಬಟ್ಟಲಿಗೆ ಹಾಕಿದಳು. ಅವಳ ಮುಖ ಸಣ್ಣದಾದದ್ದನ್ನು ಅಷ್ಟು ವರ್ಷಗಳಲ್ಲಿ ಅವತ್ತೇ ನೋಡಿದ್ದು.

"ಅಂದಾಜಿನ ಮೇಲೆ ಹಾಕಬಹುದು" ಎಂದಳು. "ತಪ್ಪಿದ್ರೆ ಬೋರ್ಡು ಹೋಗುತ್ತೆ. ಅಂಗಡಿಗೇ ಕೊಡೋದು ವಾಸಿಯೇನೋ."

ನನಗೆ ಖುಷಿಯಾಯಿತು. ಮುಚ್ಚಿಡುವುದೇಕೆ, ಚೆನ್ನಾಗಿಯೇ ಆಯಿತು! ನನ್ನ ಮುದುಕಿ ಕ್ಷೇಮವಾಗಿದ್ದಳು. ಲ್ಯಾಪ್‌ಟಾಪು ಹಳೆಯದು, ಹೋದರೆ ಹೋಗಲಿ. ಅತ್ತಿಗೆಯ ಕೈಯಲ್ಲೂ ಒಂದು ಕೆಲಸ ಕೆಟ್ಟಿತು ಎಂದು ನನ್ನ ಗಂಡನಿಗೆ ಹೇಳುವಾಗ ಯಾವ ಧ್ವನಿಯಲ್ಲಿ ಹೇಳಬೇಕು ಎಂಬುದನ್ನೂ ಯೋಚಿಸಿಬಿಟ್ಟೆ. ನನ್ನ ವಾಟ್ಸಾಪಿನಲ್ಲಿ ಆ ಫೋಟೋ ಇತ್ತು. ಅದಕ್ಕೆ ಅಂಟಿಕೊಂಡೇ ನಾನು ಬರೆದ ಮಾತುಗಳೂ ಇದ್ದವು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಅವಳು ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ರಾತ್ರಿಯ ನಿದ್ದೆಯಿಲ್ಲದೆ ಕಣ್ಣು ಊದಿಕೊಂಡಿತ್ತು. ಕಾಲಿಗೆ ಇನ್ನೂ ಚೀಲ ಹಾಕಿಕೊಂಡಿರಲಿಲ್ಲ, ಬೆರಳುಗಳು ನೀಲಿಗಟ್ಟಿದ್ದವು. ಆ ಬೆರಳುಗಳನ್ನು ನೋಡದೇ ಇದ್ದಿದ್ದರೆ ನಾನು ಸುಮ್ಮನೇ ಇರುತ್ತಿದ್ದೆನೇನೋ.

"ಅಕ್ಕಾ, ನಿನ್ನೆ ನಾನು ಒಂದು ಫೋಟೋ ತೆಗೆದಿದ್ದೆ" ಎಂದೆ.

ದೂರದಿಂದ ತೋರಿಸಿ ಮುಗಿಸೋಣ ಅಂದುಕೊಂಡಿದ್ದೆ. ಅವಳು ಫೋನನ್ನೇ ಕಿತ್ತುಕೊಂಡಳು. ಎರಡು ಬೆರಳಿನಿಂದ ದೊಡ್ಡದು ಮಾಡಿದಳು, ಚಿಕ್ಕದು ಮಾಡಿದಳು, ಬೆರಳು ಕೆಳಗೆ ಜಾರಿತು. ಕನ್ನಡಕ ಸರಿಮಾಡಿಕೊಂಡು ಓದಿದಳು. ಮೇಲಿನದನ್ನು ಓದಿದಳು, ತಂಗಿಯದನ್ನು ಓದಿದಳು, ಕೊನೆಯದನ್ನೂ ಓದಿದಳು. ನಾನು ಗೋಡೆಯ ಕ್ಯಾಲೆಂಡರನ್ನು ನೋಡುತ್ತಾ ನಿಂತೆ.

ಅವಳು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನಿಲ್ಲಿಸಿ, ಶಾಲನ್ನು ದೂರವಿಟ್ಟು, ನಲ್ಲಿ ಮುಟ್ಟಿ ಬಂದಳು. ಹೊಸ ಡಿಸ್ಕನ್ನು ಕೂರಿಸಿ ಮುಚ್ಚಳ ಒತ್ತಿದಳು. ಫೋಟೋ ನೋಡುತ್ತಾ ಉದ್ದದ್ದು, ಗಿಡ್ಡದ್ದು ಎಂದು ಆರಿಸಿ ಒಂದೊಂದೇ ತಿರುಗಿಸತೊಡಗಿದಳು. ಅರ್ಧ ಮುಗಿದ ಮೇಲೆ, ತಲೆ ಎತ್ತದೆ ಹೇಳಿದಳು:

"ಗತ್ತಲ್ಲ ಕಣೇ."

ಇನ್ನೊಂದು ಸ್ಕ್ರೂ ಆರಿಸಿಕೊಂಡಳು.

"ಮದುವೆಯಾಗಿ ಘಾಜಿಯಾಬಾದಿಗೆ ಬಂದಾಗ ನನಗೆ ಹಿಂದಿ ಒಂದಕ್ಷರ ಬರ್ತಿರಲಿಲ್ಲ. ಮಿಕ್ಸಿ ಕೆಟ್ಟೋಯ್ತು. ಅಂಗಡಿಗೆ ತಗೊಂಡು ಹೋದೆ. ಏನಾಗಿದೆ ಅಂತ ಅವನು ಕೇಳಿದ. ನಾನು ಮಿಕ್ಸಿ ಥರ ಸದ್ದು ಮಾಡಿ ತೋರಿಸಿದೆ. ಅಂಗಡೀಲಿದ್ದವರೆಲ್ಲ ನಕ್ಕರು. ಇನ್ನೊಂದ್ಸಲ ಮಾಡಿ ಅಂದರು. ಪಾಪದವಳು ನಾನು, ಅರ್ಥ ಆಗ್ಲಿಲ್ಲವೇನೋ ಅಂತ ಇನ್ನೊಂದ್ಸಲ ಮಾಡಿದೆ." ಒಂದು ಸ್ಕ್ರೂವನ್ನು ಬಿಗಿ ಮಾಡಿದಳು. "ವಾಪಸ್ ತಂದು ನಾನೇ ಬಿಚ್ಚಿದೆ. ಈಗ ಹಿಂದಿ ಅರ್ಥ ಎಲ್ಲಾ ಆಗುತ್ತೆ. ಬಾಯಿ ಬಿಡೋಕೆ ಹೋದ್ರೆ ಆ ನಗು ಕೇಳುತ್ತೆ. ಮಾತು ಬಂದಿದ್ರೆ ನಾನ್ಯಾಕೆ ಸ್ಕ್ರೂಡ್ರೈವರ್ ಹಿಡೀತಿದ್ದೆ ಹೇಳು."

ಸೋಫಾದ ಮೇಲಿದ್ದ ಅತ್ತೆಯೂ ಲೋಟ ಕೆಳಗಿಟ್ಟರು.

"ನೀನು ಹೊಸದಾಗಿ ಬಂದ ದಿನ ಸ್ಟೇಷನ್ನಲ್ಲಿ ಆಟೋದವನ ಜೊತೆ ಹಿಂದೀಲಿ ಜಗಳ ಆಡಿದೆಯಲ್ಲ, ಅವನು ಕೈಮುಗಿದು ಹೋದ. ನಿನ್ನ ಗಂಡ, ಭಾವ, ಎಲ್ಲಾ ಬೆರಗಾಗಿ ನೋಡ್ತಿದ್ರು. ನನಗೆ ಹೊಟ್ಟೆ ಉರಿದುಹೋಯ್ತು ಕಣೇ. ಇವತ್ತಿಗೂ ಉರಿಯುತ್ತೆ. ಬಂದವರನ್ನ ನೀನು ನಗಿಸ್ತಾ ಇದ್ರೆ ನಾನು ಇಲ್ಲಿ ಕೂತು ಸುಮ್ಮನೆ ಯಾವುದೋ ಸ್ಕ್ರೂ ತಿರುಗಿಸ್ತಿರ್ತೀನಿ."

ಅವಳಿಗೆ! ನನ್ನ ಮೇಲೆ! ಇಷ್ಟು ವರ್ಷ ನಾನೊಬ್ಬಳೇ ಬೇಯುತ್ತಿದ್ದೇನೆ ಅಂದುಕೊಂಡಿದ್ದೆ.

"ರಾತ್ರಿ ಫೈಲು ಸರಿಯಾಗಿ ತೆಗೆಯುತ್ತಾ ಅಂತ ನೋಡೋಕೆ ಒಂದು ತೆಗೆದೆ" ಎಂದಳು. "ಓದ್ತಾ ಕೂತುಬಿಟ್ಟೆ. ಆ ಮುದುಕಿ ಬಸ್ಸಲ್ಲಿ ಸೀಟು ಬಿಡಲ್ಲ ಅಂತ ಕೂರ್ತಾಳಲ್ಲ, ಅಲ್ಲಿ ಜೋರಾಗಿ ನಕ್ಕೆ. ಹಿಂದಿಯವಳು ಅಂತಾನೇ ಅನ್ಸಲ್ಲ, ನಮ್ಮ ದೊಡ್ಡಜ್ಜಿನೇ ಎದ್ದು ಬಂದ ಹಾಗಿತ್ತು. ಅಷ್ಟನ್ನೂ ಅಲ್ಲಿ ಬಿಚ್ಚಿ ಇಲ್ಲಿ ಜೋಡಿಸಿದೀಯ. ಒಂದು ಸ್ಕ್ರೂನೂ ಮಿಕ್ಕಿಲ್ಲ."

ಅದುವರೆಗೆ ಆ ಅನುವಾದವನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ. ಓದಿ ಎಂದು ನಾನೂ ಯಾರನ್ನೂ ಕೇಳಿರಲಿಲ್ಲ. ಯಾವ ಭಾಷೆಯಲ್ಲೂ ಒಂದು ಮಾತು ಹೊರಡಲಿಲ್ಲ.

ಅವಳು ಕೊನೆಯ ಸ್ಕ್ರೂ ತಿರುಗಿಸಿ, ರಬ್ಬರ್ ಕಾಲನ್ನು ಒತ್ತಿ ಅಂಟಿಸಿದಳು. ನನ್ನ ಕಣ್ಣು ಅಭ್ಯಾಸದಂತೆ ಬಟ್ಟಲಿಗೆ ಹೋಯಿತು. ಅದನ್ನು ಗಮನಿಸಿದವಳು ಬಟ್ಟಲನ್ನು ಎತ್ತಿ ನನ್ನ ಮುಂದೆ ಕವುಚಿ ಹಿಡಿದಳು. ಏನೂ ಬೀಳಲಿಲ್ಲ. ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು, ದೀಪ ಹತ್ತಿತು, ಟಕ್ ಎನ್ನುವ ಸದ್ದಿರಲಿಲ್ಲ.

ಫೋನನ್ನು ನನ್ನ ಕೈಗೆ ಕೊಟ್ಟು, ಕಾಲುಚೀಲ ಹುಡುಕುತ್ತಾ ಹೇಳಿದಳು: "ಇನ್ಮೇಲೆ ನಾನು ಏನು ಬಿಚ್ಚಿದ್ರೂ ನೀನೇ ಬಂದು ಫೋಟೋ ತೆಗಿ. ಕೆಳಗೆ ಏನು ಬೇಕಾದ್ರೂ ಬರ್ಕೋ."

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ, ಇಲ್ಲ. ಈಗ ಇಬ್ಬರೂ ಎದುರಾಬದುರಾ ಕೂತು ಪಡುತ್ತೇವೆ. ಸಂಜೆ ಬಾಗಿಲಿಗೆ ಬರುವವರ ಜೊತೆ ಅವಳ ಪರವಾಗಿ ನಾನು ಮಾತಾಡುತ್ತೇನೆ, ಆಗೊಮ್ಮೆ ಈಗೊಮ್ಮೆ ಅವಳೂ ಒಂದು ಮೂರನೆಯ ಶಬ್ದ ಸೇರಿಸುತ್ತಾಳೆ. ಫೋಟೋ ತೆಗೆಯುವುದೂ ನಡೆದಿದೆ. ಕೆಳಗೆ ಏನು ಬೇಕಾದರೂ ಬರೆದುಕೋ ಎಂದಿದ್ದಳಲ್ಲ, ಇದೋ, ಬರೆದಿದ್ದೇನೆ.